ಯೀಸ್ಟಿಗೆ ಗೋಡೆ ಇದೆ, ಒಳಗೆ ಒತ್ತಡವೂ ಇದೆ. ಹಾಗಾದರೆ ಪೊರೆಯನ್ನು ಒಳಕ್ಕೆ ಎಳೆಯುವವರು ಯಾರು?

ಹಾಸನದ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹೋದ ವಾರ ಜೀವಕೋಶದ ಪಾಠ ನಡೆಯುತ್ತಿತ್ತು. ಅಮೀಬಾ ತನ್ನ ಪೊರೆಯಿಂದ ಆಹಾರವನ್ನು ಸುತ್ತಿ ನುಂಗುತ್ತದೆ, ಇದು ಎಂಡೋಸೈಟೋಸಿಸ್ ಅಂತ ಬೋರ್ಡಿನ ಮೇಲೆ ಚಿತ್ರ ಬರೆದೆ. ಯೀಸ್ಟ್ ಕೂಡ ಪೊರೆಯನ್ನು ಒಳಕ್ಕೆ ಮಡಚಿ ಸಣ್ಣ ಚೀಲ ಮಾಡಿಕೊಳ್ಳುತ್ತದೆ ಅಂತ ಮಾತಿಗೆ ಸೇರಿಸಿದೆ.

ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಯೀಸ್ಟಿಗೆ ಗೋಡೆ ಇದೆ. ಒಳಗಿನ ಒತ್ತಡ ಪೊರೆಯನ್ನು ಗೋಡೆಗೆ ಒತ್ತಿ ಹಿಡಿದಿರುತ್ತೆ ಅಂತ ನೀವೇ ಹೇಳಿದ್ರಿ. ಗಾಳಿ ತುಂಬಿದ ಟ್ಯೂಬಿನ ರಬ್ಬರನ್ನು ಒಳಗಡೆಯಿಂದ ಯಾರು ಎಳೀತಾರೆ?" ಪ್ರೋಟೀನ್‌ಗಳು ಅಂದೆ. "ಯಾವ ಪ್ರೋಟೀನ್? ಹೇಗೆ ಎಳೆಯುತ್ತೆ?" ಅಂದಳು. ನಾಳೆ ಹೇಳುತ್ತೇನೆ ಅಂತ ಮಾತು ಕೊಟ್ಟೆ. ಐದು ದಿನ ಆಯಿತು. ನಾನು ಓದಿದ ಪುಸ್ತಕಗಳಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದುಹೋಗಿದೆ.

ತಿಳಿದವರು ಹೇಳಿ. ಇನ್ನೊಂದು ಸಂದೇಹ ನನ್ನದೇ. ಯೀಸ್ಟ್ ಸಕ್ಕರೆಯನ್ನೂ ಹೀಗೇ ನುಂಗುತ್ತದಾ, ಅಥವಾ ಅದಕ್ಕೆ ಬೇರೆ ದಾರಿ ಇದೆಯಾ?

ಸುಮ್ನೆ ಓದುಗ
ಆ ಹುಡುಗಿಗೆ ನನ್ನ ಲೆಕ್ಕದಲ್ಲಿ ಒಂದು ಒಳ್ಳೆ ಪೆನ್ನು ಕೊಡಿಸಿ ಮೇಷ್ಟ್ರೇ.

ಮಲೆನಾಡಿಗ
ಉತ್ತರ ಸುಲಭ ಇದೆ ಸರ್. ಕ್ಲ್ಯಾಥ್ರಿನ್ ಅಂತ ಒಂದು ಪ್ರೋಟೀನ್. ಮೂರು ಕಾಲಿನ ಆಕಾರ. ಕಾಲಿಗೆ ಕಾಲು ಹೆಣೆದುಕೊಂಡು ಪಂಜರ ಕಟ್ಟುತ್ತದೆ, ಪಂಜರ ಗುಂಡಗಾದ ಹಾಗೆ ಪೊರೆಯೂ ಗುಂಡಗಾಗಿ ಒಳಗೆ ಬರುತ್ತದೆ. ಸಕ್ಕರೆ, ಅಮೈನೋ ಆಮ್ಲ ಎಲ್ಲ ಆ ಚೀಲದಲ್ಲೇ ಒಳಗೆ ಹೋಗುತ್ತದೆ. ಕ್ಲ್ಯಾಥ್ರಿನ್ ಇಲ್ಲದಿದ್ದರೆ ಯೀಸ್ಟ್ ಉಪವಾಸ ಬಿದ್ದು ಸಾಯುತ್ತದೆ.

ಪೆಟ್ರಿತಟ್ಟೆ
ಮಲೆನಾಡಿಗರೇ, ಮೂರು ಕಾಲು ಮತ್ತು ಪಂಜರದ ವಿಷಯ ಸರಿ. ಉಳಿದಿದ್ದನ್ನು ಒಪ್ಪಲಾರೆ. ನಾನು ಏಳು ವರ್ಷ ಯೀಸ್ಟ್ ಲ್ಯಾಬಿನಲ್ಲಿ ಕೆಲಸ ಮಾಡಿದವಳು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೇಷ್ಟ್ರೇ, ಮೊದಲು ನಿಮ್ಮ ಎರಡನೇ ಸಂದೇಹ. ಯೀಸ್ಟ್ ಸಕ್ಕರೆಯನ್ನು ನುಂಗುವುದಿಲ್ಲ. ಪೊರೆಯಲ್ಲಿ ಬಾಗಿಲುಗಳ ಹಾಗೆ ಕೂತಿರುವ ಟ್ರಾನ್ಸ್‌ಪೋರ್ಟರ್ ಪ್ರೋಟೀನ್‌ಗಳಿವೆ. ಅವು ಒಂದೊಂದೇ ಅಣುವನ್ನು ಹಿಡಿದು ಒಳಗೆ ಬಿಡುತ್ತವೆ. ಗ್ಲೂಕೋಸಿಗೆ ಎಚ್‌ಎಕ್ಸ್‌ಟಿ ಅನ್ನುವ ದೊಡ್ಡ ಕುಟುಂಬವೇ ಇದೆ. ಎಚ್‌ಎಕ್ಸ್‌ಟಿ1 ಸಕ್ಕರೆ ಧಾರಾಳವಾಗಿದ್ದಾಗ ದುಡಿಯುತ್ತದೆ, ಎಚ್‌ಎಕ್ಸ್‌ಟಿ7 ಸಕ್ಕರೆ ತೀರಾ ಕಡಿಮೆ ಇದ್ದಾಗ ಹುಡುಕಿ ಹಿಡಿಯುತ್ತದೆ. ಈ ಬಾಗಿಲುಗಳನ್ನೆಲ್ಲ ಕಿತ್ತುಹಾಕಿದರೆ ಏನಾಗುತ್ತದೆ ಅಂತ 1999ರಲ್ಲಿ ನೋಡಿದರು. ಗ್ಲೂಕೋಸ್ ಒಳಗೆ ಹೋಗುವುದನ್ನು ನಿಲ್ಲಿಸಲು ಕಡಿಮೆ ಅಂದರೂ 20 ಜೀನುಗಳನ್ನು ಅಳಿಸಬೇಕಾಯಿತು! ಅಷ್ಟು ಬಾಗಿಲು ಮುಚ್ಚಿದ ಮೇಲೆ ಆ ಯೀಸ್ಟ್ ಗ್ಲೂಕೋಸಿನಲ್ಲಿ ಬೆಳೆಯಲಿಲ್ಲ. ನುಂಗುವ ವ್ಯವಸ್ಥೆ ಹಾಗೇ ಇತ್ತು. ಅಂದರೆ ಬರೀ ನುಂಗಿ ಹೊಟ್ಟೆ ತುಂಬಿಸಿಕೊಳ್ಳುವುದು ಆಗಲಿಲ್ಲ.

ಗ್ಲೂಕೋಸ್ ಹೊರಗೆ ಜಾಸ್ತಿ, ಒಳಗೆ ಕಡಿಮೆ. ಇಳಿಜಾರಿನಲ್ಲಿ ನೀರು ಹರಿದ ಹಾಗೆ ತಾನೇ ಬರುತ್ತದೆ. ಮಾಲ್ಟೋಸ್ ಅನ್ನುವ ಇನ್ನೊಂದು ಸಕ್ಕರೆ, ಅಮೈನೋ ಆಮ್ಲಗಳು, ಇವನ್ನು ಏರಿನಲ್ಲಿ ಹತ್ತಿಸಬೇಕು. ಅದಕ್ಕೆ ಪಿಎಂಎ1 ಅನ್ನುವ ಪಂಪು ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಪ್ರೋಟಾನುಗಳನ್ನು ಹೊರಗೆ ತಳ್ಳುತ್ತಿರುತ್ತದೆ. ಆ ಪ್ರೋಟಾನು ವಾಪಸ್ ಒಳಗೆ ನುಗ್ಗುವಾಗ ಮಾಲ್ಟೋಸಿನ ಕೈ ಹಿಡಿದುಕೊಂಡು ಬರುತ್ತದೆ.

ಇನ್ನು ಅಡುಗೆ ಸಕ್ಕರೆ. ಅದರಲ್ಲಿ ಹೆಚ್ಚಿನ ಪಾಲು ಹಾಗೇ ಒಳಗೆ ಬರುವುದಿಲ್ಲ. ಯೀಸ್ಟ್ ಇನ್ವರ್ಟೇಸ್ ಅನ್ನುವ ಕಿಣ್ವವನ್ನು ಪೊರೆಯ ಆಚೆ, ಗೋಡೆಯ ಹತ್ತಿರ ಇಟ್ಟಿರುತ್ತದೆ. ಅದು ಸಕ್ಕರೆಯನ್ನು ಹೊರಗೇ ಕತ್ತರಿಸಿ ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ. ಆಮೇಲೆ ಎಚ್‌ಎಕ್ಸ್‌ಟಿ ಬಾಗಿಲು.

ಎಳೆಯುವ ವಿಷಯ ರಾತ್ರಿ ಬರೆಯುತ್ತೇನೆ, ಈಗ ಮಗುವನ್ನು ಶಾಲೆಯಿಂದ ಕರೆತರಬೇಕು.

ಬೇಕರಿ ಮಂಜ
ಅಕ್ಕಾ, ನಮಗೆ ಇದು ದಿನಾ ಕಣ್ಣ ಮುಂದೆ ನಡೆಯುವ ವಿಷಯ. ನಾನು ಹದಿನೆಂಟು ವರ್ಷದಿಂದ ಹಿಟ್ಟು ಕಲಸುತ್ತಿದ್ದೇನೆ. ಎರಡು ಸಂಗತಿ ನನಗೆ ಬಗೆಹರಿದಿಲ್ಲ. ಸಾದಾ ಬ್ರೆಡ್ಡಿನ ಹಿಟ್ಟಿಗೆ ಸಕ್ಕರೆ ಹಾಕದೆ ಇಟ್ಟರೆ ಮೊದಲು ಚೆನ್ನಾಗಿ ಉಬ್ಬುತ್ತದೆ, ನಡುವೆ ಸ್ವಲ್ಪ ಹೊತ್ತು ಸುಸ್ತಾದ ಹಾಗೆ ನಿಲ್ಲುತ್ತದೆ, ಮತ್ತೆ ಶುರು ಮಾಡುತ್ತದೆ. ಇನ್ನೊಂದು, ಸಿಹಿ ಬನ್ನಿನ ಹಿಟ್ಟು ಯಾವಾಗಲೂ ನಿಧಾನ. ಯೀಸ್ಟಿಗೆ ಸಕ್ಕರೆ ಇಷ್ಟ ಅಂದ ಮೇಲೆ ಬೇಗ ಉಬ್ಬಬೇಕಲ್ವಾ?

ಪೆಟ್ರಿತಟ್ಟೆ
ಮಂಜಣ್ಣ, ನೀವು ನೋಡಿದ್ದು ಎರಡೂ ನಿಜ, ಎರಡಕ್ಕೂ ಕಾರಣ ಪೊರೆಯ ಹತ್ತಿರವೇ ಇದೆ.

ಹಿಟ್ಟಿನಲ್ಲಿ ಮೊದಲೇ ಇರುವ ಸ್ವಲ್ಪ ಸಕ್ಕರೆಯನ್ನು ಯೀಸ್ಟ್ ಮೊದಲು ಮುಗಿಸುತ್ತದೆ. ಅಷ್ಟರಲ್ಲಿ ಮೈದಾದ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆದು ಮಾಲ್ಟೋಸ್ ಮಾಡಿರುತ್ತದೆ. ಆದರೆ ಗ್ಲೂಕೋಸ್ ಇರುವವರೆಗೆ ಯೀಸ್ಟ್ ಮಾಲ್ಟೋಸ್ ಬಾಗಿಲನ್ನು ತಯಾರಿಸುವುದಿಲ್ಲ. ಗ್ಲೂಕೋಸ್ ಮುಗಿದ ಮೇಲೆ ಆ ಜೀನು ಚಾಲೂ ಆಗಿ, ಪ್ರೋಟೀನ್ ತಯಾರಾಗಿ, ಪೊರೆಗೆ ಬಂದು ಕೂರಬೇಕು. ನೀವು ನೋಡುವ ಆ ಸುಸ್ತು ಅದೇ ಹೊತ್ತು.

ಸಿಹಿ ಬನ್ನಿನಲ್ಲಿ ಹೊರಗೆ ಸಕ್ಕರೆ ತುಂಬಾ ಜಾಸ್ತಿ. ಅದು ಯೀಸ್ಟಿನ ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಉಪ್ಪಿನಕಾಯಿಗೆ ಉಪ್ಪು ಹಾಕಿದಾಗ ಮಾವಿನ ಹೋಳು ನೀರು ಬಿಟ್ಟ ಹಾಗೆ. ಯೀಸ್ಟ್ ಆಗ ಗ್ಲಿಸರಾಲ್ ತಯಾರಿಸಿ ಒಳಗೆ ಕೂಡಿಟ್ಟುಕೊಳ್ಳುತ್ತದೆ, ಅದು ಸೋರದಂತೆ ಎಫ್‌ಪಿಎಸ್1 ಅನ್ನುವ ಕಾಲುವೆಯನ್ನು ಮುಚ್ಚುತ್ತದೆ. ಒಳಗಿನ ಒತ್ತಡ ಮತ್ತೆ ಸರಿಯಾದ ಮೇಲೆಯೇ ಮೊದಲಿನ ವೇಗ.

ಬೇಕರಿ ಮಂಜ
ಹದಿನೆಂಟು ವರ್ಷದಲ್ಲಿ ಇದನ್ನು ಯಾರೂ ಹೀಗೆ ಹೇಳಿರಲಿಲ್ಲ. ನಮ್ಮ ಹುಡುಗರಿಗೆ ಓದಿ ಹೇಳಿದೆ.

ಕುಂದಾಪುರದ ಅಕ್ಕ
ಹಾಗಾದ್ರೆ ಇಡ್ಲಿ ಹಿಟ್ಟು ಉಬ್ಬುವುದೂ ಯೀಸ್ಟಿನಿಂದಲೇ ಅಲ್ವಾ? ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಉಬ್ಬುವುದೇ ಇಲ್ಲ.

ಎಂಎಸ್ಸಿ ಎರಡನೇ ವರ್ಷ
ಅಕ್ಕಾ, ಇಡ್ಲಿ ಹಿಟ್ಟಿನಲ್ಲಿ ಮುಖ್ಯ ಕೆಲಸ ಮಾಡುವುದು ಬ್ಯಾಕ್ಟೀರಿಯಾ, ಲ್ಯೂಕೋನಾಸ್ಟಾಕ್ ಅಂತ ಹೆಸರು. ಯೀಸ್ಟ್ ಜೊತೆಗೆ ಇರಬಹುದು, ಆದರೆ ಅದೇ ಮುಖ್ಯ ಅಲ್ಲ. ಮಂಗಳೂರು ಕಡೆ ಕಳ್ಳು ಹಾಕಿ ಸನ್ನ ಮಾಡುತ್ತಾರಲ್ಲ, ಅದರಲ್ಲಿ ಉಬ್ಬಿಸುವುದು ಕಳ್ಳಿನ ಯೀಸ್ಟ್.

ಕುಂದಾಪುರದ ಅಕ್ಕ
ಸನ್ನದ ರುಚಿ ಬೇರೆಯೇ. ಈಗ ಕಳ್ಳು ಸಿಗದೆ ಅಂಗಡಿಯ ಯೀಸ್ಟ್ ಹಾಕುತ್ತಾರೆ, ಆ ಪರಿಮಳ ಬರುವುದಿಲ್ಲ.

ಮಲೆನಾಡಿಗ
ಪರಿಮಳಕ್ಕೆ ಕಳ್ಳಿನಲ್ಲಿರುವ ಬೇರೆ ಸೂಕ್ಷ್ಮಜೀವಿಗಳೂ ಕಾರಣ. ಕಳ್ಳಿನಲ್ಲಿ ಯೀಸ್ಟ್ ಒಂದೇ ಇರುವುದಿಲ್ಲ.

ನಿರ್ವಾಹಕ
ಇಡ್ಲಿ, ಸನ್ನಕ್ಕೆ ಅಡುಗೆ ವಿಭಾಗದಲ್ಲಿ ಬೇರೆ ಎಳೆ ಶುರು ಮಾಡಿ, ನಾನೂ ಬರುತ್ತೇನೆ. ಇಲ್ಲಿ ಮೇಷ್ಟ್ರ ಪ್ರಶ್ನೆ ಇನ್ನೂ ಬಾಕಿ ಇದೆ.

ಮೆಕ್ಯಾನಿಕಲ್ ದಾವಣಗೆರೆ
ನನಗೆ ಜೀವಶಾಸ್ತ್ರ ಬರುವುದಿಲ್ಲ, ಒತ್ತಡದ ಲೆಕ್ಕ ಬರುತ್ತದೆ. ಯೀಸ್ಟಿನ ಒಳಗಿನ ಒತ್ತಡ ಎಷ್ಟು ಅಂತ ಹುಡುಕಿದೆ. 0.2 ಮೆಗಾಪ್ಯಾಸ್ಕಲ್‌ನಿಂದ 1ರವರೆಗೆ ಬೇರೆ ಬೇರೆ ಅಂದಾಜು ಇದೆ. ಕಡಿಮೆ ಅಂದಾಜು ಹಿಡಿದರೂ ಕಾರಿನ ಟೈರಿನಷ್ಟು ಗಾಳಿ! ಆ ಹುಡುಗಿ ಟ್ಯೂಬ್ ಅಂದಿದ್ದು ಸರಿಯಾಗಿಯೇ ಇದೆ. ಚೀಲದ ಅಳತೆ 60 ನ್ಯಾನೋಮೀಟರ್ ಅಂತ ಇತ್ತು. ಪೈ ಗುಣಿಸು 60ರ ವರ್ಗ, ಅದಕ್ಕೆ ಒತ್ತಡ ಗುಣಿಸಿದರೆ ಸುಮಾರು 2,260 ಪಿಕೋನ್ಯೂಟನ್, ಜಾಸ್ತಿ ಒತ್ತಡಕ್ಕೆ 11,300. ಇಷ್ಟು ಬಲ ಮೀರಿ ಎಳೆಯಬೇಕು. ಪಂಜರ ಕಟ್ಟಿದ ಮಾತ್ರಕ್ಕೆ ಇದು ಆಗುವ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ.

ಎಂಎಸ್ಸಿ ಎರಡನೇ ವರ್ಷ
ಅಣ್ಣಾ, 60 ಅನ್ನುವುದು ವ್ಯಾಸ. ತ್ರಿಜ್ಯ 30. ನಿಮ್ಮ ಉತ್ತರವನ್ನು ನಾಲ್ಕರಿಂದ ಭಾಗಿಸಿ.

ಮೆಕ್ಯಾನಿಕಲ್ ದಾವಣಗೆರೆ
ಹೌದು, ತಪ್ಪಾಯಿತು. ಹಾಗಾದರೆ ಸುಮಾರು 565ರಿಂದ 2,830 ಪಿಕೋನ್ಯೂಟನ್. ಆದರೂ ಜಾಸ್ತಿಯೇ.

ಪೆಟ್ರಿತಟ್ಟೆ
ಜಾಸ್ತಿಯೇ. ಮಯೋಸಿನ್ ಅಂದರೆ ಮೋಟಾರಿನ ಹಾಗೆ ದುಡಿಯುವ ಪ್ರೋಟೀನ್, ಅಂಥ ಒಂದು ಎಳೆಯುವುದು ಕೆಲವೇ ಪಿಕೋನ್ಯೂಟನ್. ಆಕ್ಟಿನ್ ಅನ್ನುವ ಪ್ರೋಟೀನಿನ ತುಂಡುಗಳು ಒಂದಕ್ಕೊಂದು ಸೇರಿ ದಾರದಂಥ ಎಳೆ ಆಗುತ್ತದೆ; ಬೆಳೆಯುತ್ತಿರುವ ಅಂಥ ಒಂದು ಎಳೆ ತಳ್ಳುವುದೂ ಅಷ್ಟೇ. ಹಾಗಾಗಿ ಇದು ಒಬ್ಬರ ಕೆಲಸ ಅಲ್ಲ, ಊರೆಲ್ಲ ಸೇರಿ ತೇರು ಎಳೆದ ಹಾಗೆ. ಸುಮಾರು 60 ಬಗೆಯ ಪ್ರೋಟೀನ್‌ಗಳು ಇದರಲ್ಲಿ ಸೇರುತ್ತವೆ.

ಮುಖ್ಯ ಸಂಗತಿ ಏನಂದರೆ ಅವು ಒಟ್ಟಿಗೆ ಬರುವುದಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡೇವಿಡ್ ಡ್ರುಬಿನ್ ಅವರ ಲ್ಯಾಬಿನಲ್ಲಿ ಮಾರ್ಕೊ ಕಾಕ್ಸೊನೆನ್ ಮತ್ತು ಜೊತೆಯವರು 2003 ಮತ್ತು 2005ರಲ್ಲಿ ಈ ಪ್ರೋಟೀನ್‌ಗಳಿಗೆ ಹಸಿರು, ಕೆಂಪು ಬಣ್ಣದಲ್ಲಿ ಹೊಳೆಯುವ ಬಾಲ ಕಟ್ಟಿ ಜೀವಂತ ಯೀಸ್ಟಿನಲ್ಲಿ ಸಿನಿಮಾ ತೆಗೆದರು. ಯಾರು ಮೊದಲು ಬಂದರು, ಯಾರು ಆಮೇಲೆ, ಯಾರು ಯಾವಾಗ ಎದ್ದು ಹೋದರು ಅಂತ ಸೆಕೆಂಡಿನ ಲೆಕ್ಕದಲ್ಲಿ ಗೊತ್ತಾಯಿತು. ಆ ವಿಡಿಯೋ ಮೊದಲ ಸಲ ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಸುತ್ತಲೂ ಚುಕ್ಕಿಗಳು ಮಿಣುಕುತ್ತವೆ. ಒಂದೊಂದು ಚುಕ್ಕಿಯೂ ಒಂದು ಚೀಲ ಹುಟ್ಟುವ ಜಾಗ.

ಮೊದಲು ಇಡಿಇ1, ಎಸ್‌ವೈಪಿ1 ಬಂದು ಜಾಗ ಗುರುತು ಮಾಡುತ್ತವೆ. ಕ್ಲ್ಯಾಥ್ರಿನ್ ಬರುತ್ತದೆ. ಆಮೇಲೆ ಎಸ್‌ಎಲ್‌ಎ2, ಇಎನ್‌ಟಿ1 ತರಹದವು ಪೊರೆಗೆ ಅಂಟಿಕೊಳ್ಳುತ್ತವೆ. ಈ ಹಂತ ನಿಧಾನ. ಒಂದು ನಿಮಿಷ ಆಗಬಹುದು, ಎರಡೂ ಆಗಬಹುದು. ನಂತರ ಪ್ಯಾನ್1, ಎಸ್‌ಎಲ್‌ಎ1, ಎಂಡ್3, ಲಾಸ್17. ಲಾಸ್17 ಬಂದು ಆರ್ಪ್2/3 ಅನ್ನುವ ಯಂತ್ರವನ್ನು ಚಾಲೂ ಮಾಡಿದರೆ ಆಕ್ಟಿನ್ ಎಳೆಗಳು ಕವಲು ಕವಲಾಗಿ ಬೆಳೆಯುತ್ತವೆ. ಅಲ್ಲಿಂದ ಮುಂದೆ ಭಾರಿ ಅವಸರ. ಹತ್ತು ಹದಿನೈದು ಸೆಕೆಂಡಿನಲ್ಲಿ ಪೊರೆ ಕೊಳವೆಯಾಗಿ ಒಳಗೆ ಬಂದು, ಆರ್‌ವಿಎಸ್161 ಮತ್ತು ಆರ್‌ವಿಎಸ್167 ಜೋಡಿ ಅದರ ಕುತ್ತಿಗೆಯ ಸುತ್ತ ಕೂತು, ಚೀಲ ಕಳಚಿಕೊಳ್ಳುತ್ತದೆ.

ಹಾಸನದ ಮೇಷ್ಟ್ರು
ಮೇಡಂ, ಒಂದು ಕಡೆ ತೊಡಕು ಬಂತು. ಆಕ್ಟಿನ್ ಎಳೆ ಬೆಳೆಯುತ್ತಾ *ತಳ್ಳುತ್ತದೆ* ಅಂದಿರಿ. ನಮಗೆ ಬೇಕಾದದ್ದು *ಎಳೆಯುವುದು*. ಒಳಗಿನಿಂದ ಗೋಡೆ ಕಡೆಗೆ ತಳ್ಳಿದರೆ ಪೊರೆ ಇನ್ನೂ ಹೊರಗೆ ಹೋಗಬೇಕಲ್ಲವಾ?

ಪೆಟ್ರಿತಟ್ಟೆ
ಒಳ್ಳೆ ಪ್ರಶ್ನೆ ಮೇಷ್ಟ್ರೇ. ಕಾರಿಗೆ ಜಾಕ್ ಹಾಕುವುದನ್ನು ನೆನಪು ಮಾಡಿಕೊಳ್ಳಿ. ಜಾಕ್ ತಳ್ಳುವುದು ನೆಲವನ್ನು. ನೆಲ ಜಗ್ಗುವುದಿಲ್ಲ, ಕಾರು ಮೇಲೇಳುತ್ತದೆ. ಇಲ್ಲಿ ನೆಲ ಅಂದರೆ ಗೋಡೆಗೆ ಒತ್ತಿಕೊಂಡ ಪೊರೆ. ಆಕ್ಟಿನ್ ಎಳೆಗಳು ಆ ಪೊರೆಯ ಹತ್ತಿರವೇ ಉದ್ದವಾಗುತ್ತವೆ. ಹೊಸ ತುಂಡು ಸೇರಿದಷ್ಟೂ ಹಳೆಯ ಬಲೆ ಒಳಕ್ಕೆ ಸರಿಯುತ್ತದೆ. ಆ ಬಲೆಗೆ ಚೀಲದ ತುದಿಯನ್ನು ಹಗ್ಗದಲ್ಲಿ ಕಟ್ಟಿದ ಹಾಗೆ ಎಸ್‌ಎಲ್‌ಎ2 ಮತ್ತು ಇಎನ್‌ಟಿ1 ಹಿಡಿದಿರುತ್ತವೆ. ಬಲೆ ಸರಿದಾಗ ತುದಿಯೂ ಜೊತೆಗೆ ಒಳಗೆ ಬರುತ್ತದೆ.

ಹಗ್ಗ ಇರುವುದು ನಿಜ ಅಂತ ಹೇಗೆ ಗೊತ್ತು? ಎಸ್‌ಎಲ್‌ಎ2 ಜೀನನ್ನು ಅಳಿಸಿ ನೋಡಿದರು. ಆಕ್ಟಿನ್ ಬೆಳೆಯುತ್ತಲೇ ಇತ್ತು, ಧೂಮಕೇತುವಿನ ಬಾಲದ ಹಾಗೆ ಒಳಕ್ಕೆ ಹರಿಯುತ್ತಲೇ ಇತ್ತು. ಪೊರೆ ಮಾತ್ರ ಇದ್ದ ಜಾಗದಲ್ಲೇ ಇತ್ತು.

ಮೆಕ್ಯಾನಿಕಲ್ ದಾವಣಗೆರೆ
ಎಂಜಿನ್ ಓಡುತ್ತಿದೆ, ಕ್ಲಚ್ ಹಿಡಿಯುತ್ತಿಲ್ಲ. ಈಗ ಪೂರ್ತಿ ಅರ್ಥ ಆಯಿತು.

ಮಲೆನಾಡಿಗ
ಹಾಗಾದರೆ ಕ್ಲ್ಯಾಥ್ರಿನ್ನಿಗೆ ಕೆಲಸವೇ ಇಲ್ಲ ಅಂತೀರಾ? ಪಠ್ಯದಲ್ಲೆಲ್ಲ ಅದೇ ಮೊದಲು ಬರುತ್ತದೆ. ಈ ಕೆಲಸಕ್ಕೇ 2013ರಲ್ಲಿ ರ‍್ಯಾಂಡಿ ಶೆಕ್‌ಮನ್ ಅವರಿಗೆ ನೊಬೆಲ್ ಬಂದಿದ್ದು.

ಎಂಎಸ್ಸಿ ಎರಡನೇ ವರ್ಷ
ಸರ್, ಆ ನೊಬೆಲ್ ಬೇರೆ. ಶೆಕ್‌ಮನ್ ಯೀಸ್ಟಿನಲ್ಲೇ ಕೆಲಸ ಮಾಡಿದ್ದು ನಿಜ. ಆದರೆ ಅವರು ಹಿಡಿದದ್ದು ಒಳಗಿನಿಂದ ಹೊರಕ್ಕೆ ಹೋಗುವ ದಾರಿ. 1979ರಲ್ಲಿ ಪೀಟರ್ ನೊವಿಕ್ ಜೊತೆ ಸೆಕ್1 ಅನ್ನುವ ಮ್ಯೂಟೆಂಟ್ (ಒಂದು ಜೀನು ಕೆಟ್ಟ ಯೀಸ್ಟ್) ಪ್ರಕಟಿಸಿದರು. ಅದರಲ್ಲಿ ಹೊರಗೆ ಹೋಗಬೇಕಾದ ಚೀಲಗಳು ಒಳಗೇ ತುಂಬಿಕೊಂಡಿದ್ದವು. ಒಳಕ್ಕೆ ಬರುವ ದಾರಿಯ ಮ್ಯೂಟೆಂಟುಗಳನ್ನು ಹುಡುಕಿದ್ದು ಸ್ವಿಟ್ಜರ್ಲೆಂಡಿನ ಹೊವಾರ್ಡ್ ರೀಜ್‌ಮನ್ ಅವರ ಗುಂಪು. 1993ರಲ್ಲಿ ಎಂಡ್3, ಎಂಡ್4 ಪ್ರಕಟ ಆಯಿತು. ಮೇಡಂ ಹೇಳಿದ ಎಸ್‌ಎಲ್‌ಎ2 ಮತ್ತು ಈ ಎಂಡ್4 ಎರಡೂ ಒಂದೇ.

ಪೆಟ್ರಿತಟ್ಟೆ
ಸರಿಯಾಗಿ ಹೇಳಿದ್ದೀಯಪ್ಪ. ಕ್ಲ್ಯಾಥ್ರಿನ್ ವಿಷಯದಲ್ಲೂ ಶೆಕ್‌ಮನ್ ಹೆಸರು ಬರುತ್ತದೆ, ಬೇರೆ ಕಾರಣಕ್ಕೆ. 1985ರಲ್ಲಿ ಗ್ರೆಗರಿ ಪೇನ್ ಮತ್ತು ಶೆಕ್‌ಮನ್ ಯೀಸ್ಟಿನ ಕ್ಲ್ಯಾಥ್ರಿನ್ ಜೀನನ್ನು ತೆಗೆದು ನೋಡಿದರು. ಸಾಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಬದುಕಿತ್ತು! ನಿಧಾನವಾಗಿ ಬೆಳೆಯುತ್ತಿತ್ತು ಅಷ್ಟೇ. ಒಳಕ್ಕೆ ಎಳೆಯುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಮಲೆನಾಡಿಗರ ಪರವಾಗಿ ಒಂದು ಮಾತು: ಯೀಸ್ಟಿನ ಕೆಲವು ತಳಿಗಳು ಕ್ಲ್ಯಾಥ್ರಿನ್ ಇಲ್ಲದೆ ಸತ್ತೇ ಹೋಗುತ್ತವೆ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಕೆಲಸವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಯೀಸ್ಟಿನಲ್ಲಿ ಆಕ್ಟಿನ್ ನಿಂತರೆ ಎಲ್ಲ ನಿಲ್ಲುತ್ತದೆ. ಸಮುದ್ರದ ಸ್ಪಂಜಿನಿಂದ ಸಿಕ್ಕ ಲ್ಯಾಟ್ರಂಕುಲಿನ್ ಅನ್ನುವ ರಾಸಾಯನಿಕ ಆಕ್ಟಿನ್ ಎಳೆ ಕಟ್ಟದಂತೆ ತಡೆಯುತ್ತದೆ. ಅದನ್ನು ಹಾಕಿದರೆ ಚುಕ್ಕಿಗಳು ಪೊರೆಯ ಮೇಲೆ ಸುಮ್ನೆ ಕೂತುಬಿಡುತ್ತವೆ, ಒಂದೂ ಒಳಗೆ ಹೋಗುವುದಿಲ್ಲ.

ಮಲೆನಾಡಿಗ
ಸರಿ, ಸಾಯುತ್ತದೆ ಅಂದಿದ್ದು ನನ್ನ ತಪ್ಪು. ಆದರೂ ಒಂದು ಕೇಳುತ್ತೇನೆ. ಊಟವೆಲ್ಲ ಬಾಗಿಲಿನಿಂದಲೇ ಬರುವುದಾದರೆ, ಟೈರಿನಷ್ಟು ಒತ್ತಡದ ಎದುರು ಇಷ್ಟು ಕಷ್ಟಪಟ್ಟು ಪೊರೆಯನ್ನು ಯಾಕೆ ಎಳೆದುಕೊಳ್ಳಬೇಕು? ಅದಕ್ಕೆ ಸಿಗುವುದೇನು?

ಪೆಟ್ರಿತಟ್ಟೆ
ಈ ಪ್ರಶ್ನೆಗೋಸ್ಕರವೇ ಕಾಯುತ್ತಿದ್ದೆ. ಅದು ಎಳೆದುಕೊಳ್ಳುವುದು ಹೆಚ್ಚಾಗಿ ಆ ಬಾಗಿಲುಗಳನ್ನೇ!

ಮಂಜಣ್ಣನ ಹಿಟ್ಟಿಗೆ ವಾಪಸ್ ಬನ್ನಿ. ಯೀಸ್ಟ್ ಮಾಲ್ಟೋಸ್ ತಿನ್ನುತ್ತಿದೆ, ಪೊರೆಯ ತುಂಬ ಮಾಲ್ಟೋಸ್ ಬಾಗಿಲು ಇದೆ. ಈಗ ಗ್ಲೂಕೋಸ್ ಸುರಿದರೆ ಯೀಸ್ಟ್ ಹೊಸ ಮಾಲ್ಟೋಸ್ ಬಾಗಿಲು ಮಾಡುವುದನ್ನು ನಿಲ್ಲಿಸುತ್ತದೆ. ಅಷ್ಟಕ್ಕೆ ಸುಮ್ಮನಾಗುವುದಿಲ್ಲ, ಇದ್ದ ಬಾಗಿಲುಗಳನ್ನು ಕಿತ್ತು ಒಳಗೆ ತಂದು ವ್ಯಾಕ್ಯೂಲ್ ಅನ್ನುವ ಒಳಚೀಲದಲ್ಲಿ ಜೀರ್ಣ ಮಾಡುತ್ತದೆ. ಗ್ಯಾಲಕ್ಟೋಸ್ ಅನ್ನುವ ಸಕ್ಕರೆಯ ಬಾಗಿಲು ಗ್ಯಾಲ್2ಗೂ ಇದೇ ಗತಿ.

ಯಾವ ಬಾಗಿಲು ಕೀಳಬೇಕು ಅಂತ ಗುರುತು ಹಾಕುವುದು ಯುಬಿಕ್ವಿಟಿನ್, 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಕಡಿಯುವ ಮರಕ್ಕೆ ಅರಣ್ಯದವರು ಗುರುತು ಹಾಕುತ್ತಾರಲ್ಲ, ಹಾಗೆ. ಲಿಂಡಾ ಹಿಕ್ ಮತ್ತು ರೀಜ್‌ಮನ್ 1996ರಲ್ಲಿ ಇದನ್ನು ಸ್ಟೆ2 ಅನ್ನುವ ಗ್ರಾಹಕದಲ್ಲಿ (ಹೊರಗಿನ ಅಣುವನ್ನು ಹಿಡಿಯುವ ಪೊರೆಯ ಪ್ರೋಟೀನ್) ತೋರಿಸಿದರು. ಯೀಸ್ಟಿನಲ್ಲಿ ಒಂದನ್ನೊಂದು ಕೂಡುವ ಎರಡು ಬಗೆ, ಎ ಮತ್ತು ಆಲ್ಫಾ. ಆಲ್ಫಾ ಬಗೆ 13 ಅಮೈನೋ ಆಮ್ಲಗಳ ಸಣ್ಣ ತುಣುಕನ್ನು ಬಿಟ್ಟು 'ನಾನು ಇಲ್ಲಿದ್ದೇನೆ' ಅಂತ ತಿಳಿಸುತ್ತದೆ. ಎ ಬಗೆಯ ಸ್ಟೆ2 ಅದನ್ನು ಹಿಡಿಯುತ್ತದೆ. ಸುದ್ದಿ ಮುಟ್ಟಿದ ಮೇಲೆ ಸ್ಟೆ2ಗೆ ಯುಬಿಕ್ವಿಟಿನ್ ಗುರುತು ಬೀಳುತ್ತದೆ, ಅದು ಒಳಗೆ ಹೋಗುತ್ತದೆ. ಅಲ್ಲಿಯವರೆಗೆ ಯುಬಿಕ್ವಿಟಿನ್ ಅಂದರೆ ಪ್ರೋಟಿಯಸೋಮ್ ಎಂಬ ಕತ್ತರಿಸುವ ಯಂತ್ರಕ್ಕೆ ಕಳಿಸುವ ಗುರುತು ಅಂತಲೇ ಹೆಚ್ಚಿನವರು ತಿಳಿದಿದ್ದರು.

ಗುರುತು ಹಾಕುವ ಕಿಣ್ವ ಆರ್‌ಎಸ್‌ಪಿ5. ಯಾವ ಬಾಗಿಲಿಗೆ ಹಾಕಬೇಕು ಅಂತ ಅದಕ್ಕೆ ತೋರಿಸುವ ಸಹಾಯಕರು ಬೇರೆ ಇದ್ದಾರೆ, ಆರ್ಟ್ ಕುಟುಂಬದ ಪ್ರೋಟೀನ್‌ಗಳು. ಇವು 2008ರಲ್ಲಿ ಸ್ಕಾಟ್ ಎಮರ್ ಅವರ ಲ್ಯಾಬಿನಲ್ಲಿ ಸಿಕ್ಕಿದ ರೀತಿ ನನಗೆ ತುಂಬಾ ಇಷ್ಟ. ಕೆಲವು ದ್ವಿದಳ ಗಿಡಗಳ ಬೀಜದಲ್ಲಿ ಕ್ಯಾನವನೈನ್ ಅನ್ನುವ ವಿಷ ಇರುತ್ತದೆ. ನೋಡಲು ಆರ್ಜಿನೈನ್ ಅನ್ನುವ ಅಮೈನೋ ಆಮ್ಲದ ಥರವೇ. ಆರ್ಜಿನೈನಿನ ಬಾಗಿಲು ಕ್ಯಾನ್1 ಮೋಸ ಹೋಗಿ ಅದನ್ನೂ ಒಳಗೆ ಬಿಡುತ್ತದೆ. ಬಾಗಿಲು ಕೀಳಲು ಬಾರದ ಯೀಸ್ಟಿನಲ್ಲಿ ವಿಷ ಸುರಿಯುತ್ತಲೇ ಇರುತ್ತದೆ, ಬೇಗ ಸಾಯುತ್ತದೆ. ಯಾವ ಜೀನು ಇಲ್ಲದಿದ್ದರೆ ಹೀಗೆ ಬೇಗ ಸಾಯುತ್ತದೆ ಅಂತ ಸಾಲಾಗಿ ಹುಡುಕಿ ಆರ್ಟ್1 ಹಿಡಿದರು.

ಸುಮ್ನೆ ಓದುಗ
ಬಾಗಿಲು ತೆರೆದಿಟ್ಟರೆ ಕಳ್ಳ ಬರುತ್ತಾನೆ ಅಂತ ಅಜ್ಜಿ ಹೇಳುತ್ತಿದ್ದರು. ಯೀಸ್ಟಿಗೂ ಅದೇ ಚಿಂತೆ.

ನಿವೃತ್ತ ವೈದ್ಯ
ಇದು ಯೀಸ್ಟಿನ ವಿಷಯ ಮಾತ್ರ ಅಂತ ಯಾರೂ ತಿಳಿಯಬೇಡಿ. ನಾನು ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದವನು. ಇಪ್ಪತ್ತು ದಾಟದ ಹುಡುಗನ ಮೊಣಕೈ ಮೇಲೆ ಕೊಬ್ಬಿನ ಗಂಟುಗಳನ್ನು ನೋಡಿದ್ದೇನೆ. ಮನೆತನದಲ್ಲಿ ಬರುವ ಕೊಲೆಸ್ಟ್ರಾಲ್ ಕಾಯಿಲೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣವನ್ನು ಹಿಡಿದು ಜೀವಕೋಶದ ಒಳಗೆ ತರಬೇಕಾದ ಗ್ರಾಹಕ ಕೆಟ್ಟಿರುತ್ತದೆ. ಅಮೆರಿಕದ ಡಲ್ಲಾಸಿನಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಇದನ್ನು ಬಿಡಿಸಿದರು, 1985ರಲ್ಲಿ ನೊಬೆಲ್ ಬಂತು. ಅವರ ಒಬ್ಬ ರೋಗಿಯಲ್ಲಿ ಗ್ರಾಹಕ ಎಲ್‌ಡಿಎಲ್ ಹಿಡಿಯುತ್ತಿತ್ತು, ಆದರೆ ಒಳಗೆ ಹೋಗುತ್ತಿರಲಿಲ್ಲ. ಗ್ರಾಹಕದ ಒಳಬಾಲದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಹಿಡಿಯುವುದು ಬೇರೆ, ಎಳೆದುಕೊಳ್ಳುವುದು ಬೇರೆ ಅಂತ ಗೊತ್ತಾಗಿದ್ದು ಅಲ್ಲಿ.

ಪೊರೆ ಒಳಕ್ಕೆ ಬಾಗಿ ಆಗುವ ಈ ಗುಳಿಗಳನ್ನು ಅದಕ್ಕೂ ಮೊದಲು ಸೊಳ್ಳೆಯಲ್ಲಿ ನೋಡಿದ್ದರು. 1964ರಲ್ಲಿ ರಾಥ್ ಮತ್ತು ಪೋರ್ಟರ್, ಸೊಳ್ಳೆಯ ಬೆಳೆಯುವ ಅಂಡಕೋಶ ಪೋಷಣೆಯ ಪ್ರೋಟೀನನ್ನು ಹೀಗೆ ಒಳಗೆ ತೆಗೆದುಕೊಳ್ಳುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು.

ಮಲೆನಾಡಿಗ
ಪ್ರಾಣಿಗಳ ಜೀವಕೋಶಕ್ಕೆ ಗೋಡೆ ಇಲ್ಲ, ಅಷ್ಟು ಒತ್ತಡವೂ ಇಲ್ಲ. ಅಲ್ಲಾದರೂ ಕ್ಲ್ಯಾಥ್ರಿನ್ ಮುಖ್ಯ ಅಂತ ಒಪ್ಪುತ್ತೀರಾ ಮೇಡಂ?

ಪೆಟ್ರಿತಟ್ಟೆ
ಒಪ್ಪುತ್ತೇನೆ. ಅಲ್ಲಿ ಅನೇಕ ಸಲ ಆಕ್ಟಿನ್ ಇಲ್ಲದೆಯೂ ಚೀಲ ಆಗುತ್ತದೆ, ಚೀಲದ ಕುತ್ತಿಗೆ ಕತ್ತರಿಸಲು ಡೈನಮಿನ್ ಅನ್ನುವ ಪ್ರೋಟೀನ್ ಇದೆ. ಆದರೆ ಪ್ರಾಣಿ ಜೀವಕೋಶದಲ್ಲೂ ಕ್ಲ್ಯಾಥ್ರಿನ್ ಬೇಡದ ದಾರಿಗಳಿವೆ. ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಸ್ಥೆಯಲ್ಲಿ ಸತ್ಯಜಿತ್ ಮೇಯರ್ ಅವರ ಗುಂಪು ವರ್ಷಗಟ್ಟಲೆ ಕೆಲಸ ಮಾಡಿದ್ದು ಅಂಥದ್ದೇ ಒಂದು ದಾರಿಯ ಮೇಲೆ. ಅದಕ್ಕೆ ಕ್ಲ್ಯಾಥ್ರಿನ್ನೂ ಬೇಡ, ಡೈನಮಿನ್ನೂ ಬೇಡ.

ಎಂಎಸ್ಸಿ ಎರಡನೇ ವರ್ಷ
ನನ್ನ ಅನುಭವ ಒಂದು ಹೇಳುತ್ತೇನೆ, ಮೇಷ್ಟ್ರಿಗೆ ಪಾಠಕ್ಕೆ ಉಪಯೋಗ ಆಗಬಹುದು. ನಮಗೆ ಎಫ್‌ಎಂ4-64 ಅನ್ನುವ ಬಣ್ಣ ಹಾಕಿ ಯೀಸ್ಟ್ ನೋಡುವ ಪ್ರಯೋಗ ಇತ್ತು. ಮಂಜುಗಡ್ಡೆಯಲ್ಲಿ ಇಟ್ಟಾಗ ಈ ಬಣ್ಣ ಹೊರಪೊರೆಯಲ್ಲಿ ಮಾತ್ರ ಕೂರುತ್ತದೆ, ಕೆಂಪು ಬಳೆ ಕಾಣುತ್ತದೆ. 30 ಡಿಗ್ರಿಗೆ ತಂದರೆ ಪೊರೆ ಒಳಗೆ ಬಂದ ಹಾಗೆ ಬಣ್ಣವೂ ಬರುತ್ತದೆ. ಮೊದಲು ಚುಕ್ಕಿಗಳು, ಮುಕ್ಕಾಲು ಗಂಟೆ ಒಂದು ಗಂಟೆಯಲ್ಲಿ ವ್ಯಾಕ್ಯೂಲಿನ ಸುತ್ತ ಉಂಗುರ.

ಆ ದಿನ ಮಂಜುಗಡ್ಡೆ ಮಾಡುವ ಯಂತ್ರ ಕೆಟ್ಟಿತ್ತು. ತಣ್ಣೀರಿನಲ್ಲಿ ಇಟ್ಟರೆ ಸಾಕು ಅಂದರು. ನಾನು ಸೂಕ್ಷ್ಮದರ್ಶಕದ ಸರದಿಗೆ ಕಾದು ಕೂತೆ. ನೋಡುವಷ್ಟರಲ್ಲಿ 'ಸೊನ್ನೆ ನಿಮಿಷ'ದ ಕೋಶಗಳಲ್ಲೇ ಉಂಗುರ ಬಂದುಬಿಟ್ಟಿತ್ತು. ಅಂಕ ಹೋಯಿತು, ತುಂಬಾ ಬೇಜಾರಾಯಿತು. ಆದರೆ ಒಂದು ವಿಷಯ ಎಂದೂ ಮರೆಯುವುದಿಲ್ಲ. ಬಣ್ಣ ತಾನಾಗಿ ನೆನೆದು ಒಳಗೆ ಹೋಗುವುದಲ್ಲ. ಕೋಶ ಶಕ್ತಿ ಖರ್ಚು ಮಾಡಿ ಎಳೆದುಕೊಳ್ಳುತ್ತದೆ, ಚಳಿ ಇದ್ದರೆ ಎಳೆಯುವುದಿಲ್ಲ.

ಬೇಕರಿ ಮಂಜ
ಫ್ರಿಜ್ಜಿನಲ್ಲಿಟ್ಟ ಹಿಟ್ಟು ಮಲಗುವುದೂ ಹೀಗೇ ಇರಬೇಕು.

ಹಾಸನದ ಮೇಷ್ಟ್ರು
ಇವತ್ತು ತರಗತಿಯಲ್ಲಿ ಹೇಳಿದೆ. ಜಾಕ್ ಉದಾಹರಣೆ ಎಲ್ಲರಿಗೂ ಹಿಡಿಯಿತು. ಒಬ್ಬ ಹುಡುಗನ ಅಪ್ಪನದು ಪಂಕ್ಚರ್ ಅಂಗಡಿ, ಅವನೇ ಎದ್ದು ಬಂದು ಬೋರ್ಡಿನ ಮೇಲೆ ಚಿತ್ರ ಬರೆದ. ಆದರೆ ಅದೇ ಹುಡುಗಿ ಮತ್ತೆ ಕೈ ಎತ್ತಿದಳು. "ಸರ್, ಕಷ್ಟ ಇರೋದು ಒತ್ತಡದಿಂದ ತಾನೇ? ಒತ್ತಡ ಕಡಿಮೆ ಮಾಡಿದ್ರೆ ಆ ಹಗ್ಗ ಇಲ್ದೆ ಇದ್ರೂ ಪೊರೆ ಒಳಗೆ ಬರಬೇಕಲ್ವಾ?" ನನಗೆ ಏನು ಹೇಳಬೇಕೋ ತೋಚಲಿಲ್ಲ.

ಪೆಟ್ರಿತಟ್ಟೆ
ಮೇಷ್ಟ್ರೇ, ಈ ಸಂದೇಶ ಓದಿ ನನ್ನ ಕಣ್ಣು ತುಂಬಿ ಬಂತು. ನಿಜವಾಗಿ.

ಆ ಮಗು ಕೇಳಿದ್ದನ್ನೇ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕ್ಯಾಥರಿನ್ ಆಯ್ಸ್‌ಕಾಫ್ ಅವರ ಲ್ಯಾಬಿನವರು ಮಾಡಿ ನೋಡಿ 2009ರಲ್ಲಿ ಪ್ರಕಟಿಸಿದರು. ಯೀಸ್ಟ್ ಬೆಳೆಯುವ ದ್ರವಕ್ಕೆ ಸಾರ್ಬಿಟಾಲ್ ಅನ್ನುವ ಸಕ್ಕರೆಯಂಥ ವಸ್ತು ಸೇರಿಸಿದರು. ಸಿಹಿ ಬನ್ನಿನ ಹಿಟ್ಟಿನಲ್ಲಿ ಆದ ಹಾಗೆ ಹೊರಗೆ ಸಾಂದ್ರತೆ ಜಾಸ್ತಿಯಾಗಿ ಒಳಗಿನ ಒತ್ತಡ ಇಳಿಯಿತು. ಎಳೆಯುವ ವ್ಯವಸ್ಥೆ ಕೆಟ್ಟಿದ್ದ ಮ್ಯೂಟೆಂಟುಗಳಲ್ಲಿ ಕೆಲವು ಮತ್ತೆ ಒಳಕ್ಕೆ ತೆಗೆದುಕೊಳ್ಳಲು ಶುರು ಮಾಡಿದವು! ಯೀಸ್ಟಿಗೆ ಆಕ್ಟಿನ್ ಇಷ್ಟೊಂದು ಬೇಕಾಗಿರುವುದು ಆ ಒತ್ತಡದಿಂದಲೇ ಅನ್ನುವುದಕ್ಕೆ ಅದು ದೊಡ್ಡ ಆಧಾರ. ಹದಿನೇಳು ವರ್ಷದ ಹುಡುಗಿ ಹಾಸನದ ಬೆಂಚಿನಲ್ಲಿ ಕೂತು ಆ ಪ್ರಯೋಗವನ್ನು ಯೋಚಿಸಿದ್ದಾಳೆ ಅಂತ ದಯವಿಟ್ಟು ಅವಳಿಗೆ ಹೇಳಿ.

ಮೆಕ್ಯಾನಿಕಲ್ ದಾವಣಗೆರೆ
ಗಾಳಿ ಇಳಿಸಿದರೆ ಟೈರನ್ನು ಕೈಯಲ್ಲೇ ಒತ್ತಬಹುದು. ಅವಳು ಎಂಜಿನಿಯರಿಂಗಿಗೂ ಬರಬಹುದು.

ನಿವೃತ್ತ ವೈದ್ಯ
ಅವಳು ಎಲ್ಲಿಗೆ ಬೇಕಾದರೂ ಹೋಗಲಿ, ಪ್ರಶ್ನೆ ಕೇಳುವುದನ್ನು ಬಿಡಬಾರದು ಅಂತ ಹೇಳಿ ಮೇಷ್ಟ್ರೇ.

ಹಾಸನದ ಮೇಷ್ಟ್ರು
ನಾಳೆಯೇ ಹೇಳುತ್ತೇನೆ. ಮೇಡಂ, ನಮ್ಮ ಲ್ಯಾಬಿನಲ್ಲಿ ಒಳ್ಳೆ ಸೂಕ್ಷ್ಮದರ್ಶಕ ಇಲ್ಲ, ಹೊಳೆಯುವ ಬಣ್ಣವಂತೂ ಕನಸು. ಮಕ್ಕಳು ಕೈಯಾರೆ ಮಾಡಿ ನೋಡುವಂಥದ್ದು ಏನಾದರೂ ಇದೆಯಾ?

ಪೆಟ್ರಿತಟ್ಟೆ
ಇದೆ, ಬಾಗಿಲಿನ ಪ್ರಯೋಗ ಮಾಡಿಸಿ. ಎರಡು ಬಾಟಲಿ, ಎರಡು ಬಲೂನು, ಉಗುರುಬೆಚ್ಚಗಿನ ನೀರು, ಅಂಗಡಿಯ ಒಣ ಯೀಸ್ಟ್. ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ಅಷ್ಟೇ ತೂಕದ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಬಾಯಿಗೆ ಬಲೂನು ಕಟ್ಟಿ ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಿ.

ಹಾಸನದ ಮೇಷ್ಟ್ರು
ಮಾಡಿದೆವು. ಒಂದು ಗಂಟೆಯೊಳಗೆ ಸಕ್ಕರೆ ಬಾಟಲಿಯ ಬಲೂನು ನೆಟ್ಟಗೆ ನಿಂತಿತು. ಲ್ಯಾಕ್ಟೋಸಿನದು ಜೋತು ಬಿದ್ದೇ ಇತ್ತು. ಬಾಗಿಲಿಲ್ಲ, ಅದಕ್ಕೇ ಅಂದೆ. ಹುಡುಗಿ ಒಪ್ಪಲಿಲ್ಲ. "ಬಾಗಿಲಿಲ್ಲವೋ, ಒಳಗೆ ಹೋದರೂ ಒಡೆಯೋದಕ್ಕೆ ಕಿಣ್ವ ಇಲ್ಲವೋ, ಇದರಿಂದ ಹೇಗೆ ಗೊತ್ತಾಗುತ್ತೆ ಸರ್?"

ಪೆಟ್ರಿತಟ್ಟೆ
ಅವಳು ಹೇಳಿದ್ದೇ ಸರಿ, ಈ ಪ್ರಯೋಗದಿಂದ ಗೊತ್ತಾಗುವುದಿಲ್ಲ. ಬೇಕರಿ ಯೀಸ್ಟಿಗೆ ಎರಡೂ ಇಲ್ಲ. ಹಾಲಿನಲ್ಲಿ ಬೆಳೆಯುವ ಕ್ಲೈವೆರೋಮೈಸಿಸ್ ಲ್ಯಾಕ್ಟಿಸ್ ಅನ್ನುವ ಅದರ ನೆಂಟನಿಗೆ ಎರಡೂ ಇವೆ. ಬಾಗಿಲಿನ ಜೀನು ಎಲ್‌ಎಸಿ12, ಕಿಣ್ವದ ಜೀನು ಎಲ್‌ಎಸಿ4. ಎರಡನ್ನೂ ತಂದು ಬೇಕರಿ ಯೀಸ್ಟಿಗೆ ಸೇರಿಸಿದರೆ ಅದೂ ಲ್ಯಾಕ್ಟೋಸ್ ತಿಂದು ಬೆಳೆಯುತ್ತದೆ.

ನಿಮ್ಮ ಲ್ಯಾಬಿನಲ್ಲಿ ಅರ್ಧ ದೂರ ಹೋಗಬಹುದು. ಹಾಲು ಜೀರ್ಣ ಆಗದವರಿಗೆ ಲ್ಯಾಕ್ಟೇಸ್ ಕಿಣ್ವದ ಮಾತ್ರೆ, ಹನಿ ಸಿಗುತ್ತವೆ. ಲ್ಯಾಕ್ಟೋಸಿನ ಮೂರನೇ ಬಾಟಲಿ ಮಾಡಿ ಅದಕ್ಕೆ ಇದನ್ನು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಯೀಸ್ಟ್ ಸೇರಿಸಿ. ಲ್ಯಾಕ್ಟೋಸ್ ಹೊರಗೇ ಒಡೆದು ಗ್ಲೂಕೋಸ್ ಆಗುತ್ತದೆ, ಇನ್ವರ್ಟೇಸ್ ಸಕ್ಕರೆಗೆ ಮಾಡಿದ ಹಾಗೆ. ಗ್ಲೂಕೋಸಿಗಂತೂ ಬಾಗಿಲು ಇದೆ. ಏನಾಗುತ್ತದೆ ಅಂತ ಅವಳನ್ನೇ ಮೊದಲು ಕೇಳಿ, ಬರೆಸಿಟ್ಟುಕೊಳ್ಳಿ, ಆಮೇಲೆ ಬಲೂನು ಕಟ್ಟಿ.

ಹಾಸನದ ಮೇಷ್ಟ್ರು
ಸೋಮವಾರ ನಮ್ಮ ಲ್ಯಾಬ್ ಅವಧಿ. ಈಗಲೇ ಮೆಡಿಕಲ್ ಸ್ಟೋರಿಗೆ ಹೊರಟೆ, ಸಿಕ್ಕರೆ ಫೋಟೋ ಹಾಕುತ್ತೇನೆ.